ಹಿಟ್ಟಿನಲ್ಲಿ ಮೊಟ್ಟೆ ಇಲ್ಲ

ಏಲಕ್ಕಿಯ ವಾಸನೆ ಬಂದರೆ ನಮ್ಮವರಿಗೆ ಪಾಯಸವೋ ದೇವರಮನೆಯೋ ನೆನಪಾಗುತ್ತದೆ. ನನಗೆ ಸ್ವೀಡನ್ನಿನ ಲಿಂಕೋಪಿಂಗ್‌ನ ಒಂದು ಬಸ್ ಸ್ಟಾಪು ನೆನಪಾಗುತ್ತದೆ. ಕಳೆದ ಚಳಿಗಾಲ, ಈಗ ನಾನಿರುವ ಲುಲೆಯೊ ಊರಿನಿಂದ ಒಂದು ದಿನದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಬಸ್ಸಿನ ಬಾಗಿಲು ತೆರೆದಾಗ ತಣ್ಣನೆಯ ಗಾಳಿಯ ಜತೆ ಆ ವಾಸನೆ ಒಳಗೆ ಬಂತು. ನಾನು ಇಳಿಯಬೇಕಾದ ಸ್ಟಾಪಿಗೆ ಇನ್ನೂ ದೂರವಿತ್ತು. ಆದರೂ ಇಳಿದುಬಿಟ್ಟೆ. ಎದುರಿನ ಬೇಕರಿಯೊಳಗೆ ಹೋಗದೆ ರಸ್ತೆಯ ಈಚೆ ಬದಿಯಲ್ಲಿ ಐದು ನಿಮಿಷ ನಿಂತು ಮುಂದಿನ ಬಸ್ ಹತ್ತಿದೆ. ಆ ಐದು ನಿಮಿಷದಲ್ಲಿ ನೆನಪಾದದ್ದು ಆರು ವರ್ಷದ ಹಿಂದಿನ ಒಂದು ಚಳಿಗಾಲ. ಅದನ್ನು ನಡೆದ ಹಾಗೆಯೇ ಬರೆದಿಡುತ್ತಿದ್ದೇನೆ.

ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಹನ್ನೊಂದು ವರ್ಷ ಉಪಸಂಪಾದಕನಾಗಿದ್ದೆ. ಹೆಂಡತಿ ಸ್ಮಿತಾಗೆ ಲಿಂಕೋಪಿಂಗ್‌ನಲ್ಲಿ ಕೆಲಸ ಸಿಕ್ಕಿತು. ಅವಳ ವರ್ಕ್ ಪರ್ಮಿಟ್ಟಿನ ಬೆನ್ನಿಗೆ ನಾನೂ ಹೊರಟೆ. ಮೊದಲ ವರ್ಷ ನನಗೆ ಇದ್ದ ಕೆಲಸ ಒಂದೇ: ಹೊರಗಿನಿಂದ ಬಂದವರಿಗೆ ಕೊಮ್ಮೂನ್, ಎಂದರೆ ಅಲ್ಲಿನ ನಗರಸಭೆ, ನಡೆಸುವ ಸ್ವೀಡಿಶ್ ತರಗತಿಗೆ ದಿನಾ ಸೈಕಲ್‌ನಲ್ಲಿ ಹೋಗಿ ಬರುವುದು. ಆ ದಾರಿಯಲ್ಲಿ ಈ ಬೇಕರಿ ಇತ್ತು.

ಹಳದಿ ಬಣ್ಣದ ಮೂರಂತಸ್ತಿನ ಕಟ್ಟಡದ ಕೆಳಗಿನ ಮೂಲೆ ಅದರದು. ಬೋರ್ಡಿನ ಮೇಲೆ ಮನೆತನದ ಹೆಸರಿತ್ತು. ಬಡಾವಣೆಯಲ್ಲಿ ಯಾರೂ ಆ ಹೆಸರು ಬಳಸುತ್ತಿರಲಿಲ್ಲ, ‘ಬೇಕರಿ’ ಎಂದರೆ ಸಾಕಿತ್ತು. ಗುನಿಲ್ಲಾ ಎಂಬ ಐವತ್ತೈದರ ಹೆಂಗಸು ಅದನ್ನು ನಡೆಸುತ್ತಿದ್ದರು. ಅವರ ಅಜ್ಜ ಶುರು ಮಾಡಿದ ಅಂಗಡಿ. ಅಪ್ಪ ಬರ್ಟಿಲ್‌ಗೆ ಎಂಬತ್ತು ದಾಟಿತ್ತು. ಹಿಟ್ಟು ನಾದುವುದನ್ನು ಮಗಳಿಗೆ ಬಿಟ್ಟುಕೊಟ್ಟಿದ್ದರೂ ಅವರು ಬೆಳಗಿನ ಜಾವ ಬಂದು ಒಳಗಿನ ಅಡುಗೆಮನೆಯಲ್ಲಿ ಕೂರುವುದನ್ನು ಬಿಟ್ಟಿರಲಿಲ್ಲ. ಏಳಕ್ಕೆ ಬಾಗಿಲು ತೆರೆದರೆ ಮೊದಲು ಬಸ್ ಚಾಲಕರು, ಹತ್ತಕ್ಕೆ ನಡೆಯಲು ಆಸರೆಯ ಗಾಲಿಬಂಡಿ ತಳ್ಳಿಕೊಂಡು ವಯಸ್ಸಾದವರು, ಹನ್ನೊಂದಕ್ಕೆ ಮಗುವಿನ ರಜೆಯಲ್ಲಿರುವ ಅಪ್ಪಂದಿರು. ರಸ್ತೆಯಲ್ಲಿ ಬಿದ್ದ ಮಕ್ಕಳ ಕೈಗವಸು ಯಾರಿಗೆ ಸಿಕ್ಕರೂ ತಂದು ಬೇಕರಿಯ ಕಿಟಕಿಕಟ್ಟೆಯ ಮೇಲೆ ಇಡುತ್ತಿದ್ದರು. ಕಳೆದುಕೊಂಡವರು ಅಲ್ಲಿಗೇ ಬಂದು ಹುಡುಕುತ್ತಿದ್ದರು.

ಒಳಗೆ ಹೋದವರು ಗೋಡೆಯ ಮೇಲಿನ ಡಬ್ಬಿಯಿಂದ ನಂಬರ್ ಚೀಟಿ ಹರಿದುಕೊಂಡು ಸುಮ್ಮನೆ ನಿಲ್ಲಬೇಕು. ಮೊದಲ ದಿನ ಇದು ತಿಳಿಯದೆ ಚೀಟಿ ಇಲ್ಲದೆ ಕಾಲು ಗಂಟೆ ನಿಂತಿದ್ದೆ. ನನಗಿಂತ ಹಿಂದೆ ಬಂದವರೆಲ್ಲ ಕೊಂಡು ಹೋದರು. ಯಾರೂ ನನ್ನನ್ನು ಗದರಿಸಲಿಲ್ಲ, ಚೀಟಿ ತಗೋ ಎಂದೂ ಹೇಳಲಿಲ್ಲ. ಕೇಳಿದರೆ ಪೂರ್ತಿ ಹೇಳುವ, ಕೇಳದಿದ್ದರೆ ಏನೂ ಹೇಳದ ಜನ ಅವರು. ಅದನ್ನು ಅವತ್ತೇ ಬರೆದಿಟ್ಟುಕೊಳ್ಳಬೇಕಾಗಿತ್ತು.

ಊರಿನ ಕನ್ನಡದವರದು ಒಂದು ವಾಟ್ಸಾಪ್ ಗುಂಪು, ಆ ಗುಂಪಿಗೆ ಒಂದು ಪಟ್ಟಿ. ಅಂಗಡಿಯಲ್ಲಿ ಸಿಗುವ ಯಾವುದನ್ನು ಸಸ್ಯಾಹಾರಿಗಳು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ಪಟ್ಟಿ. ಯಾವ ಚೀಸಿನಲ್ಲಿ ಕರುವಿನ ಹೊಟ್ಟೆಯ ರಸ ಇದೆ, ಯಾವ ಮೊಸರಿನಲ್ಲಿ ಜೆಲಟಿನ್ ಇದೆ, ಯಾವ ಕೆಂಪು ಮಿಠಾಯಿಯ ಬಣ್ಣ ಹುಳದಿಂದ ಬಂದದ್ದು, ಹೀಗೆ. ನಾನು ಹೋದಾಗ ಅದು ಸಂತೆಯಂತಿತ್ತು. ಒಬ್ಬರು ಹೌದೆಂದದ್ದನ್ನು ಇನ್ನೊಬ್ಬರು ಅಲ್ಲವೆನ್ನುತ್ತಿದ್ದರು. ನನಗೆ ಸಮಯವಿತ್ತು, ಸ್ವೀಡಿಶ್ ಅಲ್ಪಸ್ವಲ್ಪ ಬರುತ್ತಿತ್ತು, ಡೆಸ್ಕಿನ ಅಭ್ಯಾಸವೂ ಇತ್ತು. ಪಟ್ಟಿಯನ್ನು ನಾನೇ ವಹಿಸಿಕೊಂಡು ಒಂದು ನಿಯಮ ಮಾಡಿದೆ: ಇಬ್ಬರು ಬೇರೆ ಬೇರೆಯಾಗಿ ಖಚಿತಪಡಿಸದ ಹೊರತು ಯಾವುದಕ್ಕೂ ಹಸಿರು ಗುರುತು ಇಲ್ಲ. ಎರಡು ತಿಂಗಳಲ್ಲಿ ಜನ ಪಟ್ಟಿಯನ್ನು ನಂಬತೊಡಗಿದರು. ನಾನು ಮೊಟ್ಟೆ ತಿನ್ನುವವನು. ಪಟ್ಟಿಯಿಂದ ನನಗೆ ಆಗಬೇಕಾದ್ದು ಏನೂ ಇರಲಿಲ್ಲ. ಅದನ್ನೇ ನಿಷ್ಪಕ್ಷಪಾತ ಎಂದುಕೊಂಡು ಸ್ವಲ್ಪ ಹೆಮ್ಮೆಯನ್ನೂ ಪಟ್ಟುಕೊಂಡಿದ್ದೆ.

ಪಟ್ಟಿಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಪದ್ಮಕ್ಕ. ಉಡುಪಿ ಕಡೆಯವರು, ಐವತ್ತರ ಮೇಲಿನ ವಯಸ್ಸು. ಹತ್ತೊಂಬತ್ತು ವರ್ಷದಿಂದ ಒಂದೇ ಡಾಗಿಸ್‌ನಲ್ಲಿ, ಎಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಶನಿವಾರ ಬೆಳಗ್ಗೆ ಕೊಮ್ಮೂನ್‌ನ ಒಂದು ಕೋಣೆಯಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಗುಂಪಿನಲ್ಲಿ ಎಲ್ಲರಂತೆ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದರು. ಕರಾವಳಿಯ ಮಾತು ಕೇಳಬೇಕೆಂದರೆ ಅವರಿಗೆ ಸಿಟ್ಟು ಬರಬೇಕಿತ್ತು.

ಸೆಪ್ಟೆಂಬರಿನಲ್ಲಿ ಅವರೇ ನನ್ನನ್ನು ಬೇಕರಿಗೆ ಕಳಿಸಿದ್ದು.

“ಸತೀಶ, ಆ ಏಲಕ್ಕಿ ಬನ್ ಇದೆಯಲ್ಲ, ಅದರಲ್ಲಿ ಮೊಟ್ಟೆ ಇದೆಯಾ ಕೇಳ್ಕೊಂಡು ಬಾ. ಕ್ಲಾಸಿಗೆ ತರಿಸೋಣ. ಮಕ್ಕಳು ಚಿಪ್ಸ್ ತಿಂದು ತಿಂದು ಪುಸ್ತಕವೆಲ್ಲ ಎಣ್ಣೆ.”

“ನೀವೇ ಕೇಳಬಹುದಲ್ಲ ಅಕ್ಕಾ, ನಿಮ್ಮ ಸ್ವೀಡಿಶ್ ನನ್ನದಕ್ಕಿಂತ ಚೆನ್ನಾಗಿದೆ.”

“ನನಗೆ ಹಾಗೆಲ್ಲ ಕೇಳೋಕೆ ಆಗೋದಿಲ್ಲ. ನೀನು ಪೇಪರಿನವನು, ಕೇಳೋದು ನಿನ್ನ ಕೆಲಸ.”

ಪೊಟ್ಟಣದ ಮಾಲಿಗೆ ಲೇಬಲ್ ಇರುತ್ತದೆ, ಬೇಕರಿಯ ಬನ್ನಿಗೆ ಇರುವುದಿಲ್ಲ. ತರಗತಿಯಲ್ಲಿ ಆ ವಾರವಷ್ಟೇ ‘ಹಿಟ್ಟು’ ಎಂಬುದಕ್ಕೆ ಸ್ವೀಡಿಶ್ ಪದ ಕಲಿತಿದ್ದೆ. ನಂಬರ್ ಚೀಟಿ ಹಿಡಿದು ಕಾದು, ನನ್ನ ಸರದಿ ಬಂದಾಗ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: “ಹಿಟ್ಟಿನಲ್ಲಿ ಮೊಟ್ಟೆ ಇದೆಯೇ?”

“ಇಲ್ಲ,” ಎಂದರು ಗುನಿಲ್ಲಾ.

ನಿಯಮದ ಪ್ರಕಾರ ಇನ್ನೊಬ್ಬರು ಬೇಕು. ಒಳಗಿನಿಂದ ತಟ್ಟೆ ಹೊತ್ತು ಬಂದ ಬರ್ಟಿಲ್‌ಗೂ ಅದೇ ಪ್ರಶ್ನೆ ಹಾಕಿದೆ. “ಹಿಟ್ಟಿನಲ್ಲಾ? ಯಾವತ್ತೂ ಇಲ್ಲ. ಹಾಲು, ಬೆಣ್ಣೆ, ಸಕ್ಕರೆ, ಈಸ್ಟ್, ಏಲಕ್ಕಿ,” ಎಂದು ಬೆರಳು ಮಡಿಸಿದರು. ಇಬ್ಬರು ಖಚಿತಪಡಿಸಿದಂತಾಯಿತು. ಸಂಜೆಯೊಳಗೆ ಪಟ್ಟಿಯಲ್ಲಿ ಹಸಿರು ಗುರುತು ಬಿತ್ತು.

ಅಲ್ಲಿಂದ ಪ್ರತಿ ಶನಿವಾರ ಒಂಬತ್ತಕ್ಕೆ ನಾನು ನಲವತ್ತು ಬನ್ನಿನ ಪೆಟ್ಟಿಗೆ ತರುತ್ತಿದ್ದೆ. ಪದ್ಮಕ್ಕ ಮೇಜಿನ ತುದಿಯಲ್ಲಿ ಸರಸ್ವತಿಯ ಸಣ್ಣ ಪಟ ಇಟ್ಟು, ಬೆಂಕಿ ಹಚ್ಚಬಾರದೆಂಬ ನಿಯಮವಿದ್ದುದರಿಂದ ಬ್ಯಾಟರಿ ದೀಪ ಹಚ್ಚಿ, ಪೆಟ್ಟಿಗೆಯ ಮುಚ್ಚಳ ತೆರೆದು ಪಟದ ಮುಂದಿಡುತ್ತಿದ್ದರು. ಮಕ್ಕಳು ಶ್ಲೋಕ ಹೇಳಿ, ಅ ಆ ಇ ಈ ಮುಗಿಸಿ, ಕೊನೆಗೆ ಬನ್ನನ್ನು ಪ್ರಸಾದವೆಂದು ತಿನ್ನುತ್ತಿದ್ದರು. ವಾರಾಂತ್ಯಕ್ಕೆ ನಮ್ಮ ಮನೆಗಳವರೂ ಬೇಕರಿಗೆ ಹೋಗತೊಡಗಿದರು. ಗುನಿಲ್ಲಾ ‘ಶನಿವಾರದವರು’ ಎಂದು ನಮಗೊಂದು ಹೆಸರಿಟ್ಟಿದ್ದರು.

ಅಕ್ಟೋಬರಿನ ಒಂದು ಸಂಜೆ ಪದ್ಮಕ್ಕ ಫೋನ್ ಮಾಡಿದರು.

“ಸತೀಶ, ಇವತ್ತು ಫೀಕಾದಲ್ಲಿ ನಾನು ಆ ಬೇಕರಿಯ ಬನ್ ತಿಂದೆ.”

“ಹೇಗಿತ್ತು ಅಕ್ಕಾ?”

“ಬನ್ ಹೇಗಿದ್ದರೇನು! ಎಲ್ಲರೂ ನನ್ನ ಬಾಯನ್ನೇ ನೋಡ್ತಾ ಕೂತಿದ್ದರು. ಮಾರ್ಗರೇತ ಅಂತ ಇದ್ದಾಳೆ, ನಾನು ಸೇರಿದ ದಿನದಿಂದ ಜತೆಗಿರೋಳು. ಅವಳು ಚಪ್ಪಾಳೆ ತಟ್ಟಿದಳು ಮಾರಾಯ. ನಾಚಿಕೆಯಾಗಿಹೋಯ್ತು.”

ಫೀಕಾ ಎಂದರೆ ಕೆಲಸದ ನಡುವೆ ಕಾಫಿಗೆ ಕೂರುವುದು. ಹೊರಗಿನಿಂದ ನೋಡಿದರೆ ಅಷ್ಟೇ. ಆದರೆ ಸ್ವೀಡನ್ನಿನ ಯಾವ ಕೆಲಸದ ಜಾಗದಲ್ಲಾದರೂ ಯಾರು ನಮ್ಮವರು ಎಂಬುದು ತೀರ್ಮಾನವಾಗುವುದು ಆ ಮೇಜಿನಲ್ಲಿ. ಪದ್ಮಕ್ಕ ಹತ್ತೊಂಬತ್ತು ವರ್ಷ ಆ ಮೇಜಿಗೆ ಬರಿಯ ಚಹಾ ಹಿಡಿದು ಕೂತಿದ್ದರು. ತಟ್ಟೆ ಮುಂದೆ ಬಂದಾಗಲೆಲ್ಲ ‘ನೇಯ್ ತಾಕ್’, ಬೇಡ ಥ್ಯಾಂಕ್ಸ್. ಯಾಕೆ ಬೇಡ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬರು ‘ಅಲರ್ಜಿಯೇ?’ ಎಂದಿದ್ದರಂತೆ. ಅಲ್ಲ ಎಂದರಂತೆ. ಹೊಸ ಕೆಲಸ, ಬಾರದ ಭಾಷೆ, ತನ್ನಿಂದ ಯಾರಿಗೂ ರಗಳೆ ಬೇಡ ಎಂಬ ಸಂಕೋಚ. “ಮೊದಲ ವಾರ ಹೇಳದೇ ಇದ್ದದ್ದನ್ನ ಹತ್ತನೇ ವರ್ಷ ಹೇಳೋದು ಹೇಗೆ?” ಎಂದು ಒಮ್ಮೆ ನನ್ನನ್ನೇ ಕೇಳಿದ್ದರು.

ಅಲ್ಲಿ ಗೋಡೆಯ ಮೇಲೆ ಒಂದು ಸರದಿ ಪಟ್ಟಿ ಇರುತ್ತದೆ, ಯಾವ ವಾರ ಯಾರು ತಿಂಡಿ ತರಬೇಕು ಎಂದು. ತಿನ್ನದವರಿಂದ ತರಿಸುವುದು ನ್ಯಾಯವಲ್ಲ ಎಂದು ಪದ್ಮಕ್ಕನ ಹೆಸರನ್ನು ಅದರಲ್ಲಿ ಹಾಕುತ್ತಿರಲಿಲ್ಲ. ಜನವರಿಯಲ್ಲಿ ಹೊಸ ಪಟ್ಟಿ ಬಂದಾಗ ಮೊದಲ ಸಲ ಹೆಸರು ಬಂತು: ಹದಿನಾಲ್ಕನೇ ವಾರ, ಎಂದರೆ ಏಪ್ರಿಲ್ ಆರಂಭ. ಪದ್ಮಕ್ಕ ಅದರ ಫೋಟೋ ತೆಗೆದು ನನಗೆ ಕಳಿಸಿದ್ದರು. ಜತೆಗೆ ಮಾತೇನೂ ಇರಲಿಲ್ಲ.

ಆ ಚಳಿಗಾಲ ಹಿಮಕ್ಕಿಂತ ಮಂಜುಗಡ್ಡೆಯೇ ಹೆಚ್ಚಿತ್ತು. ಹಗಲು ಕರಗಿದ್ದು ರಾತ್ರಿ ಗಾಜಾಗುತ್ತಿತ್ತು. ಕಾಲುದಾರಿಗೆ ಚೆಲ್ಲಿದ ಜಲ್ಲಿಕಲ್ಲು ಬೂಟಿನಡಿ ಕರಕರ ಎನ್ನುತ್ತಿತ್ತು. ಫೆಬ್ರವರಿಯಲ್ಲಿ ಒಂದು ಮಂಗಳವಾರ ಇಡೀ ದೇಶ ‘ಸೆಮ್ಲ’ ತಿನ್ನುತ್ತದೆ, ಬಾದಾಮಿ ಹೂರಣ ಮತ್ತು ಕೆನೆ ತುಂಬಿದ ಬನ್ನು. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ದಿನ ಅದು. ಉಪವಾಸ ಮಾಡುವವರು ಈಗ ಹುಡುಕಿದರೂ ಸಿಗುವುದಿಲ್ಲ, ಅದರ ಹಿಂದಿನ ದಿನದ ಊಟವನ್ನು ಮಾತ್ರ ಭಕ್ತಿಯಿಂದ ಉಳಿಸಿಕೊಂಡಿದ್ದಾರೆ. ನಾನೂ ಒಂದು ತಿನ್ನೋಣವೆಂದು ಹೋದೆ. ಸಾಲು ಬಾಗಿಲು ದಾಟಿ ಕಟ್ಟಡದ ಪಕ್ಕದ ಗೋಡೆಗುಂಟ ತಿರುಗಿತ್ತು. ಆ ಗೋಡೆಯಲ್ಲಿ ಅಡುಗೆಮನೆಯ ಕಿಟಕಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಕಿಟಕಿಯ ಆಚೆ ಬರ್ಟಿಲ್ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಎದುರಿಗೆ ಹಸಿ ಏಲಕ್ಕಿ ಬನ್ನುಗಳ ದೊಡ್ಡ ತಟ್ಟೆ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಬ್ರಷ್. ಬ್ರಷ್ಷನ್ನು ಬಟ್ಟಲಲ್ಲಿ ಅದ್ದಿ, ಅಂಚಿಗೆ ಒಮ್ಮೆ ಒರೆಸಿ, ಬನ್ನಿನ ನೆತ್ತಿಯಿಂದ ಕೆಳಗೆ ಎರಡು ಸಲ ಎಳೆಯುತ್ತಿದ್ದರು. ಬಟ್ಟಲಲ್ಲಿದ್ದುದು ಹಳದಿ. ಅವರ ಮೊಣಕೈ ಪಕ್ಕದಲ್ಲಿ ಒಡೆದ ಮೊಟ್ಟೆಚಿಪ್ಪುಗಳು.

ನನ್ನ ಸರದಿ ಬಂದಾಗ ಗುನಿಲ್ಲಾರನ್ನು ಕೇಳಿದೆ: “ಅಪ್ಪ ಬನ್ನಿಗೆ ಏನು ಹಚ್ಚುತ್ತಿದ್ದಾರೆ?”

“ಮೊಟ್ಟೆ. ಇನ್ನೇನು ಹಚ್ಚುತ್ತಾರೆ?” ಎಂದರು. ಅವರಿಗೆ ಪುರುಸೊತ್ತಿರಲಿಲ್ಲ. “ಎಷ್ಟು ಸೆಮ್ಲ?”

ಪ್ರಶ್ನೆಯೇ ತಪ್ಪಾಗಿದ್ದರೆ ಎರಡು ಮೂಲಗಳಿದ್ದೂ ಪ್ರಯೋಜನವಿಲ್ಲ. ಅವರಿಬ್ಬರೂ ಸತ್ಯವನ್ನೇ ಹೇಳಿದ್ದರು. ಆ ದೇಶದಲ್ಲಿ ಬನ್ನಿಗೆ ಮೊಟ್ಟೆ ಹಚ್ಚುವುದು ನಮ್ಮಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದಷ್ಟು ಸಹಜ, ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ. ನಾನು ‘ಬನ್ನಿನಲ್ಲಿ’ ಎಂದು ಕೇಳಿದ್ದರೆ ಸಾಕಿತ್ತು.

ಇದುವರೆಗಿನದು ತಪ್ಪು. ಮುಂದಿನದಕ್ಕೆ ಆ ಹೆಸರು ಸಾಲದು. ಅದು ಮಂಗಳವಾರ. ಬುಧವಾರ, ಗುರುವಾರ, ಶುಕ್ರವಾರ ನಾನು ಯಾರಿಗೂ ಏನೂ ಹೇಳಲಿಲ್ಲ. ಬೇಕರಿಯವರ ಪ್ರತಿಕ್ರಿಯೆ ಪಡೆಯದೆ ಪ್ರಕಟಿಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ, ಪ್ರತಿಕ್ರಿಯೆ ಪಡೆಯಲು ಹೋಗಲೂ ಇಲ್ಲ. ಸ್ಮಿತಾ “ಹೇಳ್ಬಿಡು, ನಿನ್ನನ್ನೇನು ಗಲ್ಲಿಗೆ ಹಾಕ್ತಾರಾ” ಎಂದಳು. ನನ್ನ ಕಣ್ಣ ಮುಂದೆ ಇದ್ದದ್ದು ಪದ್ಮಕ್ಕ ಕಳಿಸಿದ ಆ ಫೋಟೋ. ಶನಿವಾರ ಬಂತು. ಎಂದಿನಂತೆ ಪೆಟ್ಟಿಗೆ ತಂದೆ. ಪದ್ಮಕ್ಕ ಮುಚ್ಚಳ ತೆರೆದು ಪಟದ ಮುಂದಿಟ್ಟರು. ಮಕ್ಕಳು ಶ್ಲೋಕ ಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. ಪದ್ಮಕ್ಕ ಒಂದು ಬನ್ನನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ತಿಂದೆ.

ಸೋಮವಾರ ಬೇಕರಿ ಮುಚ್ಚುವ ಹೊತ್ತಿಗೆ ಹೋಗಿ ಗುನಿಲ್ಲಾರಿಗೆ ವಿಷಯ ಹೇಳಿದೆ. ಅವರ ಮುಖದ ಬಣ್ಣ ಹೋಯಿತು.

“ಯಾರಿಗಾದರೂ ಅಲರ್ಜಿ ಆಯಿತೇ? ಆಸ್ಪತ್ರೆ?”

“ಅಲರ್ಜಿ ಅಲ್ಲ. ಕೆಲವರು ಮೊಟ್ಟೆ ತಿನ್ನುವುದಿಲ್ಲ. ಹುಟ್ಟಿದಾಗಿನಿಂದ. ಇನ್ನೊಂದು ವಿಷಯ ಇದೆ. ಶನಿವಾರ ಬನ್ನನ್ನು ಮೊದಲು ದೇವರ ಮುಂದೆ ಇಡುತ್ತಾರೆ.”

“ನನ್ನ ಬನ್ನನ್ನೇ? ದೇವರ ಮುಂದೆ?” ಗುನಿಲ್ಲಾ ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕೂತುಬಿಟ್ಟರು. “ಸೆಪ್ಟೆಂಬರಿನಿಂದಲೂ?”

ಒಳಗಿನಿಂದ ಬರ್ಟಿಲ್ ಕೂಗಿದರು: “ಅವನು ಕೇಳಿದ್ದು ಹಿಟ್ಟು! ಹಿಟ್ಟಿನಲ್ಲಿ ಇಲ್ಲ! ನನ್ನಪ್ಪನ ಕಾಲದಿಂದ ಇಲ್ಲ!”

“ಸುಮ್ಮನಿರಪ್ಪಾ.” ಗುನಿಲ್ಲಾ ನನ್ನ ಕಡೆ ತಿರುಗಿದರು. “ಯಾಕೆ ಕೇಳುತ್ತಿದ್ದೀಯ ಅಂತ ಹೇಳಿದ್ದರೆ ನಾನು ಹೇಳುತ್ತಿದ್ದೆ.” ಬೈದ ಧ್ವನಿಯಲ್ಲ ಅದು, ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುವವರ ಧ್ವನಿ. ಹಾಲು ಹಚ್ಚಿಯೂ ಬೇಯಿಸಬಹುದು, ಹೊಳಪು ಮಾತ್ರ ಬರುವುದಿಲ್ಲ ಎಂದರು.

“ಮೊಟ್ಟೆ ಹಚ್ಚದ ಬನ್ನು ಮುಖ ತೊಳೆಯದ ಮಗು!” ಎಂದು ಮತ್ತೆ ಒಳಗಿನಿಂದ ಬಂತು. “ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ!”

ಅಲ್ಲಿಂದ ನೇರವಾಗಿ ಪದ್ಮಕ್ಕನ ಮನೆಗೆ ಹೋದೆ. ಅವರು ಹೆಸರುಬೇಳೆ ಹುರಿಯುತ್ತಿದ್ದರು. ನಿಂತೇ ಹೇಳಿದೆ. ಅವರು ಸೌಟು ನಿಲ್ಲಿಸಲಿಲ್ಲ. ಬೇಳೆ ಕೆಂಪಗಾದ ಮೇಲೆ ಒಲೆ ಆರಿಸಿ, ಬಾಣಲೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

“ನಿನಗೆ ಯಾವತ್ತು ಗೊತ್ತಾಯ್ತು?”

“ಮಂಗಳವಾರ.”

“ಹೋದ ಮಂಗಳವಾರ?”

“ಹೌದಕ್ಕಾ.”

“ಹಾಗಾದರೆ ಶನಿವಾರ ನಿಂಗೆ ಗೊತ್ತಿತ್ತು.”

ಹೌದೆಂದು ತಲೆಯಾಡಿಸಿದೆ.

“ಎಂತ ಮಾರಾಯ ನೀನು? ಗೊತ್ತಿಲ್ಲದೆ ಮಾಡಿದ್ದು ಬಿಡು, ಅದು ನನಗೂ ಆ ತಾಯಿಗೂ ಇರೋ ವಿಷಯ. ಒಂದು ಏಕಾದಶಿ ಜಾಸ್ತಿ ಮಾಡ್ತೇನೆ, ಅವಳು ಸುಧಾರಿಸ್ಕೊಳ್ತಾಳೆ. ಆದರೆ ನೀನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದಿಯಲ್ಲ! ನಾನು ನೈವೇದ್ಯಕ್ಕೆ ಇಡೋದನ್ನ ನೋಡ್ತಾ ಇದ್ದಿ! ಎಂತಕ್ಕೆ ಹೇಳಲಿಲ್ಲ?”

“ನಿಮ್ಮ ಹದಿನಾಲ್ಕನೇ ವಾರ ಹೋಗುತ್ತೆ ಅಂತ,” ಎಂದೆ. ಅದು ನಿಜ. ನನ್ನ ಪಟ್ಟಿಯ ಮರ್ಯಾದೆಯೂ ಹೋಗುತ್ತದೆ ಎಂಬುದು ಅಷ್ಟೇ ನಿಜ. ಅದನ್ನು ಅವತ್ತು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಪದ್ಮಕ್ಕ ಕಿಟಕಿಯ ಕಡೆ ತಿರುಗಿದರು. ಸಿಟ್ಟು ಇಳಿದಿತ್ತು, ಆ ಜಾಗಕ್ಕೆ ಬಂದದ್ದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

“ನಾಳೆ ಫೀಕಾಗೆ ನಾನು ಏನಂತ ಹೇಳಲಿ? ತಿನ್ನೋಳು ಮತ್ತೆ ಯಾಕೆ ಬಿಟ್ಟಳು ಅಂತ ಕೇಳೋದಿಲ್ವಾ? ಮೊದಲಾದರೆ ಯಾರೂ ಕೇಳ್ತಿರಲಿಲ್ಲ. ಆ ಪಟ್ಟಿಯಿಂದ ಹೆಸರು ತೆಗೀರಿ ಅಂತ ನಾನೇ ಹೋಗಿ ಹೇಳಬೇಕು ಈಗ.” ಮತ್ತೆ ನನ್ನ ಕಡೆ ತಿರುಗಿ, “ಹೋಗು. ಬರೆದು ಹಾಕು. ಇವತ್ತೇ ಹಾಕು,” ಎಂದರು.

ಮನೆಗೆ ಬಂದು ಗುಂಪಿಗೆ ಬರೆದೆ. ‘ತಿದ್ದುಪಡಿ: ಬೇಕರಿಯ ಏಲಕ್ಕಿ ಬನ್ನಿನ ಹಿಟ್ಟಿನಲ್ಲಿ ಮೊಟ್ಟೆ ಇಲ್ಲ, ಮೇಲೆ ಮೊಟ್ಟೆ ಹಚ್ಚಿ ಬೇಯಿಸುತ್ತಾರೆ. ಹಸಿರು ಗುರುತು ತೆಗೆಯಲಾಗಿದೆ. ಬೇಕರಿಯವರು ಸುಳ್ಳು ಹೇಳಿಲ್ಲ. ನಾನು ಪ್ರಶ್ನೆಯನ್ನು ಅರ್ಧ ಕೇಳಿದ್ದೆ. ಮಂಗಳವಾರವೇ ತಿಳಿದಿದ್ದರೂ ಶನಿವಾರ ಸುಮ್ಮನಿದ್ದೆ. ಎರಡೂ ತಪ್ಪು ನನ್ನವು.’

ಹತ್ತು ನಿಮಿಷದಲ್ಲಿ ಗುಂಪು ಕುದಿಯತೊಡಗಿತು. ‘ಸಾರ್, ಓವನ್‌ನಲ್ಲಿ ಬೆಂದ್ರೆ ಮೊಟ್ಟೆ ಸುಟ್ಟು ಹೋಗುತ್ತಲ್ವಾ, ಅದು ಕೌಂಟ್ ಆಗುತ್ತಾ?’ ‘ನಮ್ಮನೇಲಿ ಕೇಕ್‌ಗೆ ವಿನಾಯ್ತಿ ಇದೆ, ಬನ್ನಿಗೂ ಕೊಡಿ.’ ‘ಆಮ್ಲೆಟ್ ತಿನ್ನೋರು ದಯವಿಟ್ಟು ಈ ಚರ್ಚೆಗೆ ಬರಬೇಡಿ.’ ‘ಆರು ತಿಂಗಳು ತಿಂದ್ವಲ್ಲ ಗುರು, ಈಗ ಯಾರ ಹತ್ರ ವಾಪಸ್ ಕೊಡೋದು?’ ಕಿರಣ್ ಎಂಬ ಎಂಜಿನಿಯರ್ ಮಾತ್ರ ನಿಜವಾಗಿ ಕೆರಳಿದ್ದರು: ‘ಕಸ್ಟಮರ್‌ಗೆ ಹೇಳಬೇಕಾದ್ದು ಅವರ ಡ್ಯೂಟಿ. ನಾನು ಆ ಬೇಕರಿಗೆ ಒನ್ ಸ್ಟಾರ್ ರಿವ್ಯೂ ಹಾಕ್ತಿದೀನಿ. ಎಲ್ಲರೂ ಹಾಕಿ.’ ಮೂವರು ಹೆಬ್ಬೆರಳು ಎತ್ತಿದರು. ಮೂಲೆಯ ಒಂದು ಸಣ್ಣ ಅಂಗಡಿಗೆ ನಲವತ್ತು ಮನೆಯವರು ಒಟ್ಟಿಗೆ ಒಂದು ಸ್ಟಾರ್ ಕೊಟ್ಟರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಬೇಡವೆಂದು ಬರೆದೆ, ಆದರೆ ಆ ಹೊತ್ತಿಗೆ ನನ್ನ ಮಾತಿಗೆ ಬೆಲೆ ಉಳಿದಿರಲಿಲ್ಲ. ಆಮೇಲೆ ಪದ್ಮಕ್ಕನ ಸಾಲು ಬಂತು: ‘ಕೇಳಿದ್ದಕ್ಕೆ ಅವರು ಸರಿಯಾಗೇ ಉತ್ತರ ಕೊಟ್ಟಿದ್ದಾರೆ. ಹೇಳಬೇಕಾದ್ದು ನಾವು. ಹತ್ತೊಂಬತ್ತು ವರ್ಷದಿಂದ ನಾನೂ ಹೇಳಿಲ್ಲ. ರಿವ್ಯೂ ಬೇಡ ಕಿರಣ.’ ಅಲ್ಲಿಗೆ ನಿಂತಿತು.

ಮುಂದಿನ ಶನಿವಾರ ಪಟದ ಮುಂದೆ ದ್ರಾಕ್ಷಿ ಇತ್ತು. ಪದ್ಮಕ್ಕ ಮಕ್ಕಳಿಗೆ ವಿಷಯವನ್ನು ಮುಚ್ಚಿಡದೆ ಹೇಳಿದರು, ತಪ್ಪಾಯಿತು ಎಂದರು. ಏಳು ವರ್ಷದ ಒಬ್ಬಳು ಕೈಯೆತ್ತಿ ಸ್ವೀಡಿಶ್‌ನಲ್ಲಿ, “ಆದರೆ ದೇವರು ಎಲ್ಲಿ ತಿಂದಳು, ತಿಂದದ್ದು ನಾವಲ್ಲವಾ?” ಎಂದಳು. “ಕನ್ನಡದಲ್ಲಿ ಕೇಳು, ಉತ್ತರ ಹೇಳ್ತೀನಿ,” ಎಂದರು ಪದ್ಮಕ್ಕ. ಅವಳಿಗೆ ಕನ್ನಡದಲ್ಲಿ ಕೇಳಲು ಬರಲಿಲ್ಲ. ಪದ್ಮಕ್ಕ ಪಾರಾದರು. ನನ್ನ ಜತೆ ಅವರು ಮಾತಾಡಲಿಲ್ಲ.

ಮೂರು ವಾರ ಹಾಗೇ ಹೋಯಿತು. ನಂತರ ತಿಳಿದದ್ದು ಇಷ್ಟು: ಅವರು ಫೀಕಾದಲ್ಲಿ ಮತ್ತೆ ನೇಯ್ ತಾಕ್‌ಗೆ ಮರಳಿದ್ದರು. ಮಾರ್ಗರೇತ ತಟ್ಟೆಯನ್ನು ಒಮ್ಮೆ ಮುಂದೆ ತಳ್ಳಿ, ಆಮೇಲೆ ಹಿಂದಕ್ಕೆ ಎಳೆದುಕೊಂಡರಂತೆ. ಯಾರೂ ಕೇಳಲಿಲ್ಲ. ಪಟ್ಟಿಯಿಂದ ಹೆಸರು ತೆಗೆಸಲು ಪದ್ಮಕ್ಕ ಎರಡು ಸಲ ಗೋಡೆಯವರೆಗೆ ಹೋಗಿ ವಾಪಸ್ ಬಂದರು.

ಮಾರ್ಚ್ ಕೊನೆಯಲ್ಲಿ ನನಗೆ ಪದ್ಮಕ್ಕನ ಫೋನ್ ಬಂತು. “ಬರೋ ಗುರುವಾರ ಬೆಳಗ್ಗೆ ಆರಕ್ಕೆ ಬೇಕರಿಗೆ ಬಾ. ಗುನಿಲ್ಲಾಗೆ ಹೇಳಿಡು. ಫೀಕಾಗೆ ನನ್ನ ಸರದಿ, ಇಪ್ಪತ್ತು ಬನ್ ಬೇಕು. ಹೇಗೆ ಮಾಡ್ತಾರೆ ಅಂತ ನಿಂತು ನೋಡ್ತೇನೆ.”

“ನಾನು ಯಾಕೆ ಅಕ್ಕಾ?”

“ಕೇಳೋಕೆ ಅಲ್ಲ. ಕೇಳೋದು ನಾನೇ ಕೇಳ್ತೇನೆ. ನೀನು ಪೆಟ್ಟಿಗೆ ಹೊರೋದಕ್ಕೆ.”

ಆ ಬೆಳಗ್ಗೆ ಆಗಲೇ ಬೆಳಕಾಗಿತ್ತು. ಕಾಲುದಾರಿಯ ಜಲ್ಲಿಯನ್ನು ಯಂತ್ರದಿಂದ ಗುಡಿಸುತ್ತಿದ್ದರು. ಪದ್ಮಕ್ಕ ಹೊಸ ಬ್ರಷ್ಷೊಂದನ್ನು ಪ್ಲಾಸ್ಟಿಕ್ ಚೀಲದ ಸಮೇತ ತಂದಿದ್ದರು. ಅವರ ಸ್ವೀಡಿಶ್ ಮೂರು ವರ್ಷದ ಮಕ್ಕಳ ಜತೆ ಬೆಳೆದ ಭಾಷೆ, ಅದರಲ್ಲಿ ಸುತ್ತುಬಳಸು ಇರಲಿಲ್ಲ. ಅಡುಗೆಮನೆಗೆ ಕಾಲಿಟ್ಟವರೇ ಒಂದೊಂದಾಗಿ ಕೇಳಿದರು: ಹಿಟ್ಟಿನಲ್ಲಿ ಏನಿದೆ, ಮೇಲೆ ಏನು ಹಚ್ಚುತ್ತೀರಿ, ತಟ್ಟೆಗೆ ಏನು ಸವರುತ್ತೀರಿ, ಬೆಣ್ಣೆಯೋ ಬೇರೆಯೋ, ಪಕ್ಕದ ತಟ್ಟೆಯಲ್ಲಿ ಏನಿತ್ತು. ಗುನಿಲ್ಲಾ ಒಂದೊಂದಕ್ಕೂ ನಿಂತು ಉತ್ತರ ಕೊಟ್ಟರು. ಕೊನೆಗೆ, “ಇಷ್ಟು ಸ್ಪಷ್ಟವಾಗಿ ಯಾರೂ ನನ್ನನ್ನು ಕೇಳಿಲ್ಲ,” ಎಂದರು. ಅದು ಹೊಗಳಿಕೆ ಎಂದು ನನಗೆ ಅನಿಸಿತು.

ಬರ್ಟಿಲ್ ಸ್ಟೂಲಿನಿಂದ ಇಳಿದು ಬಂದರು. ಅವರ ಬೆರಳುಗಳ ಮೇಲೆ ಹಳದಿ ಒಣಗಿತ್ತು. ಹಾಲಿನ ಬಟ್ಟಲಿಗೆ ಕೈ ಚಾಚಿದರು.

ಪದ್ಮಕ್ಕ ಅವರ ಕೈ ನೋಡಿ, ಡಾಗಿಸ್‌ನಲ್ಲಿ ದಿನಕ್ಕೆ ಐವತ್ತು ಸಲ ಹೇಳುವ ಧ್ವನಿಯಲ್ಲಿ, “ಈಗ ನಾವೆಲ್ಲ ಕೈ ತೊಳೆದುಕೊಳ್ಳೋಣ,” ಎಂದರು.

ಎಂಬತ್ತು ದಾಟಿದ ಬರ್ಟಿಲ್ ಒಂದು ಕ್ಷಣ ಪದ್ಮಕ್ಕನನ್ನು ನೋಡಿ, ತಿರುಗಿ, ಸಿಂಕಿಗೆ ಹೋಗಿ, ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡು ಬಂದು ಎರಡೂ ಕೈ ತಿರುಗಿಸಿ ತೋರಿಸಿದರು.

“ಚೆನ್ನಾಗಿ ತೊಳೆದಿದ್ದೀಯ,” ಎಂದರು ಪದ್ಮಕ್ಕ.

ಬರ್ಟಿಲ್ ಹೊಸ ಬ್ರಷ್ಷಿನಿಂದ ಇಪ್ಪತ್ತಕ್ಕೂ ಹಾಲು ಹಚ್ಚಿದರು. ಬೆಂದು ಬಂದಾಗ ಬನ್ನುಗಳು ಮಂಕಾಗಿದ್ದವು, ಅಲ್ಲಲ್ಲಿ ಬಿಳಿಚಿದ್ದವು. ಬರ್ಟಿಲ್ ಅವುಗಳನ್ನು ನೋಡಿ ತಲೆಯಾಡಿಸಿ, “ನಮ್ಮ ಹೆಸರು ಹೇಳಬೇಡ,” ಎಂದರು. “ಹೇಳ್ತೀನಿ,” ಎಂದರು ಪದ್ಮಕ್ಕ. ನಾನು ಪೆಟ್ಟಿಗೆಯನ್ನು ಡಾಗಿಸ್‌ನ ಗೇಟಿನವರೆಗೆ ಹೊತ್ತು, ಅವರ ಕೈಗೆ ಕೊಟ್ಟು, ತರಗತಿಗೆ ಹೋದೆ.

ಫೀಕಾ ಇದ್ದದ್ದು ಒಂಬತ್ತೂವರೆಗೆ. ಅಲ್ಲಿ ನಾನಿರಲಿಲ್ಲ. ಸಂಜೆ ಪದ್ಮಕ್ಕ ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ.

“ಪೆಟ್ಟಿಗೆ ತೆಗೆದೆ. ಎಲ್ಲರೂ ನೋಡಿದರು. ಯಾಕೆ ಇಷ್ಟು ಮಂಕು ಅಂತ ಮನಸ್ಸಲ್ಲಿ ಇತ್ತು, ಬಾಯಿ ಬಿಡಲಿಲ್ಲ. ಗೊತ್ತಲ್ಲ ಇವರು. ಹಾಗಾಗಿ ನಾನೇ ಹೇಳಿದೆ. ‘ನಾನು ಮೊಟ್ಟೆ ತಿನ್ನುವುದಿಲ್ಲ, ಅದಕ್ಕೇ ಹೀಗೆ’ ಅಂದೆ. ಅಷ್ಟೇ ವಾಕ್ಯ. ಹೇಳಿ ಮುಗಿಯೋಕೆ ಎರಡು ಸೆಕೆಂಡು ಹಿಡೀಲಿಲ್ಲ ಮಾರಾಯ.”

“ಆಮೇಲೆ?”

“ಮಾರ್ಗರೇತ ಕಪ್ ಕೆಳಗಿಟ್ಟು ಲೆಕ್ಕ ಹಾಕಿದಳು. ‘ಹತ್ತೊಂಬತ್ತು ವರ್ಷ ಪದ್ಮಾ! ನಿನಗೆ ನಮ್ಮನ್ನು ಕಂಡರೆ ಆಗೋದಿಲ್ಲ ಅಂದುಕೊಂಡಿದ್ದೆ’ ಅಂದಳು. ಅವಳ ಕಣ್ಣಲ್ಲಿ ನೀರು. ಮೂಗು ಒರೆಸ್ಕೊಂಡು ನನ್ನ ಬನ್ನನ್ನೇ ತಿಂತಾ ಇದ್ದಳು.”

“ನೀವೇನಂದ್ರಿ ಅಕ್ಕಾ?”

“ಏನನ್ನೋದು? ನಮ್ಮ ಪಂಕ್ತಿಯಲ್ಲಿ ಕೂತವರಿಗೆ ಏನಂತೀವಿ? ಇನ್ನೊಂದು ಹಾಕ್ಕೋ ಅಂದೆ.”

“ಹಾಕ್ಕೊಂಡ್ರಾ?”

“ಬೇಡ ಅಂದಳು. ನಾನು ಬಿಡ್ತೀನಾ?”